ಕರ್ಚೀಫು ಕೆಂಪಾಗಿತ್ತು

ಸಂಡೂರಿನಿಂದ ಬಳ್ಳಾರಿಗೆ ಬೈಕಲ್ಲಿ ಬಂದೆ ಇವತ್ತು. ದಾರಿ ಪೂರ್ತಿ ಅದಿರು ಲಾರಿಗಳ ಹಿಂದೆಯೇ.

ಮನೆಗೆ ಬಂದು ಮೂಗು ಒರೆಸಿಕೊಂಡರೆ ಬಿಳಿ ಕರ್ಚೀಫಿನ ಮೇಲೆ ಕೆಮ್ಮಣ್ಣಿನ ಬಣ್ಣ. ಅಂಚಲ್ಲಿ ತಿಳಿ ಕೆಂಪು, ನಡುವೆ ಗಟ್ಟಿ ಕಂದು. ಅಮ್ಮ ನೋಡಿ, "ರಕ್ತ ಏನೋ ಇದು?" ಅಂತ ಗಾಬರಿಯಾದಳು.

ರಕ್ತ ಅಲ್ಲಮ್ಮ, ಧೂಳು.

ಇಷ್ಟನ್ನೂ ಮೂಗು ತಡೆದು ಹಿಡಿದಿದೆ ಅಲ್ವಾ! ದಪ್ಪ ಧೂಳನ್ನು ಹೊಳ್ಳೆಯ ಕೂದಲೇ ಹಿಡಿಯುತ್ತದೆ. ಸಣ್ಣದು ಒಳಗಿನ ಸಿಂಬಳಕ್ಕೆ ಅಂಟಿಕೊಳ್ಳುತ್ತದೆ. ಆ ಸಿಂಬಳವನ್ನು ಕಣ್ಣಿಗೆ ಕಾಣದ ರೋಮಗಳು ಸೆಕೆಂಡಿಗೆ ಸುಮಾರು 10 ಸಲ ಬಡಿಯುತ್ತಾ ಗಂಟಲ ಕಡೆ ತಳ್ಳುತ್ತಲೇ ಇರುತ್ತವೆ. ನಾವು ಗೊತ್ತಿಲ್ಲದೆ ನುಂಗುತ್ತೇವೆ.

ಕೆನ್ನೆ ಮೂಳೆಯೊಳಗಿನ ಸೈನಸ್ಸಿನದು, ಅಂದರೆ ಮೂಗಿಗೆ ತೆರೆದುಕೊಳ್ಳುವ ಗಾಳಿ ತುಂಬಿದ ಪೊಳ್ಳಿನದು, ಇನ್ನೂ ಕಷ್ಟ. ಅದರ ಕಿಂಡಿ ಇರುವುದು ತಳದಲ್ಲಲ್ಲ, ಮೇಲ್ಗಡೆ. ನಾವು ನಿಂತಾಗ, ಕೂತಾಗ ಒಳಗಿನ ನೀರು ತಾನಾಗಿ ಇಳಿಯುವುದಿಲ್ಲ. ಅವೇ ರೋಮಗಳು ಏರು ಹತ್ತಿಸಿ ಹೊರಗೆ ಸಾಗಿಸಬೇಕು. ನೆಗಡಿಯಾಗಿ ಕಿಂಡಿ ಊದಿಕೊಂಡು ಮುಚ್ಚಿತೋ, ಮುಗೀತು. ಕೆನ್ನೆ ಭಾರ, ಬಗ್ಗಿದರೆ ನೋವು.

ಗಣಿ ಕಡೆ ದುಡಿಯುವವರಿಗೆ ದಿನಾ ಇದೇ ಗಾಳಿ. ಮೂಗಿಗೂ ಮಿತಿ ಇದೆ. ತೀರಾ ನುಣ್ಣನೆ ಧೂಳು ಅದನ್ನೂ ದಾಟಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಲಾರಿಗೆ ಟಾರ್ಪಾಲು ಬಿಗಿಯಾಗಿ ಕಟ್ಟಿ, ರೋಡಿಗೆ ನೀರು ಹೊಡೆಸಿ ಅಂತ ಕೇಳುವುದು ಜಾಸ್ತಿಯೇನಲ್ಲ.

ಆ ಕಡೆ ಬೈಕಲ್ಲಿ ಓಡಾಡುವವರು ಒಳ್ಳೆ ಮಾಸ್ಕ್ ಹಾಕಿಕೊಳ್ಳಿ. ಬರೀ ಟವೆಲ್ ಸುತ್ತಿಕೊಂಡರೆ ಸಾಲದು.