ಬಳೆ ತೊಟ್ಟ ಕಲ್ಲು

ತೀರ್ಥಹಳ್ಳಿ ಕಡೆಯ ನಮ್ಮಂಥವರಿಗೆ ಶಿವಮೊಗ್ಗ ಎಂದರೆ ಆಸ್ಪತ್ರೆ, ಅಡಿಕೆ ಮಂಡಿ, ಬಸ್ ನಿಲ್ದಾಣ. ಕಳೆದ ಚಳಿಗಾಲದಲ್ಲಿ ಅಮ್ಮನ ರಕ್ತದೊತ್ತಡದ ತಪಾಸಣೆ ಬೇಗ ಮುಗಿಯಿತು. ನಮ್ಮೂರಿನೊಳಗೆ ಹೋಗುವ ಬಸ್ಸು ಇದ್ದದ್ದು ಸಂಜೆಗೆ. ‘ಅರಮನೆ ನೋಡಿ ಬರೋಣವೇನಮ್ಮಾ?’ ಎಂದೆ. ಅರವತ್ತೆಂಟು ವರ್ಷವಾದರೂ ಅಮ್ಮ ಅದರ ಬಾಗಿಲು ದಾಟಿರಲಿಲ್ಲ.

ಶಿವಪ್ಪ ನಾಯಕನ ಅರಮನೆ ಇರುವುದು ತುಂಗೆಯ ಹತ್ತಿರ, ಕೋಟೆಯ ಕಡೆ. ಹೆಸರು ಕೆಳದಿಯ ನಾಯಕನದ್ದಾದರೂ ಈಗಿನ ಕಟ್ಟಡ ಹೈದರಾಲಿಯ ಕಾಲದ್ದು ಎನ್ನುತ್ತಾರೆ. ಒಳಗೆ ಎತ್ತರದ ಮರದ ಕಂಬಗಳು. ಹೊರಗಿನ ಬಿಸಿಲು ಅಲ್ಲಿ ನೆನಪಿಗೇ ಬರುವುದಿಲ್ಲ. 1645ರಿಂದ 1660ರವರೆಗೆ ಆಳಿದ ಶಿವಪ್ಪ ನಾಯಕ ಭೂಮಿಯ ಫಲವತ್ತತೆ ನೋಡಿ ದರ್ಜೆ ಮಾಡಿ ಕಂದಾಯ ಗೊತ್ತು ಮಾಡಿದ, ಅದೇ ‘ಶಿಸ್ತು’ ಎಂದು ನಾನು ವಿವರಿಸಿದೆ. ಅಮ್ಮ ಸ್ವಲ್ಪ ಹೊತ್ತು ಯೋಚಿಸಿ, ‘ನಮ್ಮ ಕೆಳಗಿನ ಗದ್ದೆ ಯಾವ ದರ್ಜೆಗೆ ಬಂದಿತ್ತೋ’ ಎಂದಳು. ಇತಿಹಾಸವನ್ನು ನಾನು ಎಂದೂ ಅಷ್ಟು ಹತ್ತಿರದಿಂದ ಕೇಳಿರಲಿಲ್ಲ.

ಆದರೆ ಆ ದಿನ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಅರಮನೆಯಲ್ಲ, ಅಂಗಳದ ಕಲ್ಲುಗಳು. ವೀರಗಲ್ಲುಗಳಲ್ಲಿ ಕೆಳಗೆ ಕಾಳಗ, ನಡುವೆ ವೀರನನ್ನು ಸ್ವರ್ಗಕ್ಕೆ ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ, ತುದಿಯಲ್ಲಿ ಸೂರ್ಯ ಚಂದ್ರ. ಹಾಗೆಯೇ ನೋಡುತ್ತಾ ಬಂದವಳು ಒಂದು ಮಾಸ್ತಿಕಲ್ಲಿನ ಮುಂದೆ ನಿಂತುಬಿಟ್ಟಳು. ಕಂಬದಿಂದ ಹೊರಟ ಒಂದೇ ಒಂದು ಕೈ, ಮೊಣಕೈಯಲ್ಲಿ ಬಾಗಿ ಮೇಲಕ್ಕೆದ್ದಿದೆ. ಮುಂಗೈ ತುಂಬ ಬಳೆ.

‘ಇದೇನು ಹೀಗೆ?’

ಗಂಡನ ಚಿತೆಯೇರಿದವಳ ಕಲ್ಲು, ಅವಳು ಮುತ್ತೈದೆಯಾಗಿಯೇ ಹೋದಳು ಎನ್ನುವುದಕ್ಕೆ ಆ ಬಳೆ ಗುರುತು ಎಂದೆ. ಹೇಳಿದ ಮೇಲೆ ಯಾಕಾದರೂ ಹೇಳಿದೆನೋ ಅನ್ನಿಸಿತು. ಅಪ್ಪ ಹೋಗಿ ನಾಲ್ಕು ವರ್ಷವಾಗಿದೆ. ಅಮ್ಮ ತನ್ನ ಬಲಗೈಯನ್ನು ಹಾಗೆಯೇ ಬಾಗಿಸಿ, ಕಲ್ಲಿಗೆ ತಾಗದಂತೆ ಪಕ್ಕದಲ್ಲಿ ಹಿಡಿದಳು. ಬರಿಯ ಮುಂಗೈ.

‘ಬಳೆ ಉಳಿಸಿಕೊಳ್ಳಲು ಪ್ರಾಣವನ್ನೇ ಕೊಡಬೇಕಾಯಿತಲ್ಲೋ ಇವಳು’ ಎಂದಳು. ಎಷ್ಟೋ ಕಡೆ ಈ ಕಲ್ಲುಗಳನ್ನು ತ್ಯಾಗದ ಗುರುತೆಂದು ಹೊಗಳುವುದನ್ನು ಕೇಳಿದ್ದೇನೆ. ಅಮ್ಮನ ಆ ಮಾತಿನ ನಂತರ ನನಗೆ ಹಾಗೆ ಹೊಗಳಲು ಬಾಯಿ ಬರುವುದಿಲ್ಲ.

ಕೋಟೆ ಆಂಜನೇಯನಿಗೆ ಕೈ ಮುಗಿದು, ಹೊಳೆಯನ್ನು ದೂರದಿಂದಲೇ ನೋಡಿ ಬಸ್ಸು ಹಿಡಿದೆವು. ಗಾಜನೂರು, ಸಕ್ರೆಬೈಲು, ಮಂಡಗದ್ದೆ ದಾಟಿದರೂ ಅಮ್ಮ ಮಾತಾಡಲಿಲ್ಲ.

ನಮ್ಮ ಗದ್ದೆಯ ಬದುವಿನಲ್ಲಿ ಅರ್ಧ ಹೂತ ಕಲ್ಲೊಂದಿದೆ. ದೀಪಾವಳಿಗೆ ಕುಂಕುಮ ಇಟ್ಟು ಬರುತ್ತೇವೆ, ಅಷ್ಟೇ. ಏನು ಕಲ್ಲೆಂದು ಯಾರೂ ಕೇಳಿದವರಿಲ್ಲ. ಮರುದಿನ ಬೆಳಿಗ್ಗೆ ಕಾಫಿಗೆ ಕರೆಯಲು ಹೋದರೆ ಅಮ್ಮ ಅಲ್ಲಿ ಕುಕ್ಕರುಗಾಲಲ್ಲಿ ಕೂತು, ತೆಂಗಿನ ನಾರಿನಿಂದ ಪಾಚಿ ಉಜ್ಜುತ್ತಿದ್ದಳು. ಕೊಡದ ನೀರು ಸುರಿದಾಗ ಬಾಗಿದ ಮೊಣಕೈ ಕಂಡಿತು. ಅಮ್ಮ ಬೆರಳಿಟ್ಟು ಎಣಿಸಿದಳು. ನಾಲ್ಕು ಬಳೆ.