ಸುರಂಗದಲ್ಲಿ ತೆರೆಯದ ಪುಟ

ರೈಲು ಮೂರನೆಯ ಸುರಂಗವನ್ನು ಹೊಕ್ಕಾಗ, ಮರುದಿನದ ಭಾಷಣಗಳ ವೇಳಾಪಟ್ಟಿಯನ್ನು ನೋಡೋಣವೆಂದು ಫೋನ್ ಕೈಗೆತ್ತಿಕೊಂಡೆ. ಸಮ್ಮೇಳನದ ಜಾಲತಾಣ ತೆರೆಯಲಿಲ್ಲ. ತೆರೆಯಲೇ ಇಲ್ಲವೆಂದರೆ ತಪ್ಪಾದೀತು. ಹಿನ್ನೆಲೆಯ ಬಣ್ಣ ಬಂತು, ಮೇಲಿನ ಪಟ್ಟಿ ಬಂತು, ನಡುವೆ ಚಕ್ರವೊಂದು ತಿರುಗತೊಡಗಿತು, ಅದರಾಚೆಗೆ ಏನೂ ಬರಲಿಲ್ಲ. ಸುರಂಗ ಮುಗಿದು ಕಿಟಕಿಯಲ್ಲಿ ಬಿಸಿಲು ಕಂಡ ಮೇಲೂ ಚಕ್ರ ತಿರುಗುತ್ತಲೇ ಇತ್ತು. ಎರಡು ದಿನ, ಎರಡು ಸಭಾಂಗಣ, ಇಪ್ಪತ್ತಕ್ಕೂ ಹೆಚ್ಚು ಭಾಷಣಗಳು: ಇಷ್ಟನ್ನು ತಿಳಿಸಲು ಒಂದು ಪುಟದ ಅಕ್ಷರಗಳು ಸಾಕು. ವೆಬ್ ಕಟ್ಟುವುದು ಹೇಗೆಂದು ಚರ್ಚಿಸಲು ಸೇರುವವರ ತಾಣಕ್ಕೇ ಈ ಗತಿ ಬಂದಿರುವುದನ್ನು ಕಂಡು ನಾನು ನಕ್ಕೆ. ಆ ನಗು ಹೋಗುವ ದಾರಿಗಷ್ಟೇ ಒದಗಿತು, ಬರುವ ದಾರಿಗೆ ಉಳಿಯಲಿಲ್ಲ.

ಹೊರಡುವ ಹಿಂದಿನ ದಿನ ಕಚೇರಿಯ ಕಿರಿಯ ಸಹೋದ್ಯೋಗಿಯೊಬ್ಬ, "ಎಲ್ಲ ಭಾಷಣಗಳೂ ಒಂದು ತಿಂಗಳೊಳಗೆ ವಿಡಿಯೊ ಆಗಿ ಬರ್ತಾವಲ್ಲ ಸರ್, ಒಂದೂವರೆ ಪಟ್ಟು ವೇಗದಲ್ಲಿ ಮನೆಯಲ್ಲೇ ಕೂತು ನೋಡಬಹುದು. ಎಂಟು ಗಂಟೆ ರೈಲಿನಲ್ಲಿ ಹೋಗೋದು ಯಾಕೆ?" ಎಂದು ಕೇಳಿದ್ದ. ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲವಾದ್ದರಿಂದ ನಾನು ಏನನ್ನೋ ಗೊಣಗಿ ಸುಮ್ಮನಾಗಿದ್ದೆ.

ಮರುದಿನ ಬೆಳಿಗ್ಗೆ ಕುತ್ತಿಗೆಗೆ ಹೆಸರಿನ ಪಟ್ಟಿ ತೂಗುಹಾಕಿಕೊಂಡು ದೊಡ್ಡ ಸಭಾಂಗಣದ ನಡುವಿನ ಸಾಲಿನಲ್ಲಿ ಕುಳಿತೆ. ಮೊದಲ ಭಾಷಣಕಾರರು ವೇದಿಕೆಗೆ ಬಂದವರೇ ಮಾತಿಲ್ಲದೆ ಬ್ರೌಸರಿನಲ್ಲಿ ಒಂದು ಪುಟವನ್ನು ತೆರೆದರು. ಬಿಳಿಯ ಹಾಳೆ, ಕಪ್ಪು ಅಕ್ಷರ, ನೀಲಿ ಕೊಂಡಿಗಳು, ಚಿತ್ರವಿಲ್ಲ, ಅಲಂಕಾರವಿಲ್ಲ. 1989ರ ಮಾರ್ಚಿನಲ್ಲಿ ಟಿಮ್ ಬರ್ನರ್ಸ್-ಲೀ ಅವರು ಯುರೋಪಿನ ಕಣ ಭೌತಶಾಸ್ತ್ರದ ಸಂಶೋಧನಾ ಸಂಸ್ಥೆಯಾದ ಸರ್ನ್‌ಗೆ ಸಲ್ಲಿಸಿದ ಪ್ರಸ್ತಾವದಿಂದ ಹುಟ್ಟಿದ, ಪ್ರಪಂಚದ ಮೊದಲ ವೆಬ್‌ಸೈಟಿನ ಪುಟ ಅದು. ಅದರ 1992ರ ಪ್ರತಿಯೊಂದನ್ನು ಸರ್ನ್ 2013ರಲ್ಲಿ ಅದರ ಹಳೆಯ ವಿಳಾಸಕ್ಕೇ ಮರಳಿ ತಂದಿತು. ಭಾಷಣಕಾರರು ಬ್ರೌಸರಿನ ಕಿಟಕಿಯನ್ನು ಕಿರಿದು ಮಾಡುತ್ತ ಫೋನಿನ ಅಗಲಕ್ಕೆ ತಂದರು. ಸಾಲುಗಳು ತಾವಾಗಿಯೇ ಮಡಚಿಕೊಂಡವು, ಒಂದಕ್ಷರವೂ ಅಂಚಿನಾಚೆ ಹೋಗಲಿಲ್ಲ. ಅಂಗೈಯಲ್ಲಿ ಹಿಡಿಯುವ ಪರದೆಯನ್ನು ಕನಸಿನಲ್ಲೂ ನೆನೆಯದ ಕಾಲದ ಪುಟವೊಂದು ಇಂದಿನ ಫೋನಿಗೆ ಹೊಂದುತ್ತದೆ, ನಾವು ಕಳೆದ ವರ್ಷ ಕಟ್ಟಿದ ಪುಟ ಹೊಂದುವುದಿಲ್ಲ. ಹಾಗಾದರೆ ಒಗ್ಗುವ ಗುಣ ವೆಬ್‌ಗೆ ಹುಟ್ಟಿನಿಂದಲೇ ಇತ್ತು, ಅದನ್ನು ಕೆಡಿಸಿದವರು ನಾವು ಎಂಬುದು ಅವರ ವಾದದ ತಿರುಳು. ಪುಟ ಕೇಳಿದವರಿಗೆ ಅದನ್ನು ಕಳುಹಿಸುವ ಸರ್ವರ್ ಆಗಿದ್ದ, ಬರ್ನರ್ಸ್-ಲೀ ಅವರ ನೆಕ್ಸ್ಟ್ ಎಂಬ ಕಂಪ್ಯೂಟರಿಗೆ ಅಂಟಿಸಿದ್ದ, ಇದು ಸರ್ವರ್, ಆರಿಸಬೇಡಿ ಎಂದು ಕೆಂಪು ಶಾಯಿಯಲ್ಲಿ ಬರೆದ ಚೀಟಿಯ ಚಿತ್ರವನ್ನು ಕೊನೆಯಲ್ಲಿ ತೋರಿಸಿದಾಗ ಸಭಾಂಗಣ ನಕ್ಕಿತು. ಪ್ರಪಂಚದ ವೆಬ್ ಎಲ್ಲವೂ ಒಂದು ಗುಂಡಿಯನ್ನು ಅವಲಂಬಿಸಿದ್ದ ದಿನಗಳವು.

ಎರಡನೆಯ ಭಾಷಣ ವೇಗದ ಬಗ್ಗೆ. ನನ್ನ ಕೆಲಸಕ್ಕೆ ನೇರವಾಗಿ ತಟ್ಟುವ ವಿಷಯವಾದ್ದರಿಂದ ಇದಕ್ಕೇ ಹೆಚ್ಚು ಕಾದಿದ್ದೆ. ಭಾಷಣಕಾರರು ಭೌತಶಾಸ್ತ್ರದಿಂದ ಆರಂಭಿಸಿದರು. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೊಮೀಟರ್ ಸಾಗುತ್ತದೆ. ಸರ್ವರ್ 10,000 ಕಿಲೊಮೀಟರ್ ದೂರದಲ್ಲಿದ್ದರೆ ಹೋಗಿ ಬರಲು 100 ಮಿಲಿಸೆಕೆಂಡ್ ಬೇಕೇ ಬೇಕು, ಯಾವ ಜಾಣ ಕೋಡೂ ಅದನ್ನು ಇಳಿಸಲಾರದು. ಹೊಸ ಸಂಪರ್ಕವಾದರೆ ಬ್ರೌಸರೂ ಸರ್ವರೂ ಕೈಕುಲುಕಲು ಹೀಗೆ ಹೋಗಿಬರುವ ಒಂದು ಸುತ್ತು, ಗೂಢಲಿಪಿಯ ಒಪ್ಪಂದಕ್ಕೆ ಇನ್ನೊಂದು, ಪುಟವನ್ನು ಕೇಳಿ ಪಡೆಯಲು ಮತ್ತೊಂದು. ಒಂದಕ್ಷರ ಕಾಣುವ ಮೊದಲೇ 300 ಮಿಲಿಸೆಕೆಂಡ್ ಕಳೆದಿರುತ್ತದೆ. ಬ್ರೌಸರೂ ಸರ್ವರೂ ಮಾತಾಡಿಕೊಳ್ಳುವ ನಿಯಮಗಳ, 2022ರಲ್ಲಿ ಪ್ರಮಾಣಿತವಾದ ಆವೃತ್ತಿಯಾದ ಎಚ್‌ಟಿಟಿಪಿ 3 ಮೊದಲೆರಡು ಸುತ್ತುಗಳನ್ನು ಒಂದಾಗಿಸುತ್ತದೆ ಎಂಬುದನ್ನು ನಾನು ಓದಿದ್ದೆ, ಆದರೆ ಅದರಿಂದ ಉಳಿಯುವುದೇನೆಂಬುದು ಈ ಲೆಕ್ಕ ನೋಡಿದ ಮೇಲೆಯೇ ಮನಸ್ಸಿಗೆ ಇಳಿದದ್ದು. ಸರ್ವರ್ ಮೊದಲ ಕಂತಿನಲ್ಲಿ ಸಾಮಾನ್ಯವಾಗಿ ಹತ್ತು ಪೊಟ್ಟಣಗಳನ್ನು, ಎಂದರೆ ಸುಮಾರು 14 ಕಿಲೊಬೈಟ್‌ಗಳನ್ನು ಮಾತ್ರ ಕಳುಹಿಸಿ ಉತ್ತರಕ್ಕೆ ಕಾಯುತ್ತದೆ. ಓದಬೇಕಾದ ವಿಷಯ ಆ ಮೊದಲ ಕಂತಿನಲ್ಲೇ ಇದ್ದರೆ ಓದುಗ ಬದುಕಿಕೊಂಡ.

ಆಮೇಲೆ ಅವರು, ನಿಮ್ಮ ನಿಮ್ಮ ಫೋನಿನಲ್ಲಿ ಈ ಸಮ್ಮೇಳನದ ವೇಳಾಪಟ್ಟಿಯನ್ನು ತೆರೆಯಿರಿ ಎಂದರು. ನೂರಾರು ಸಾಧನಗಳ ಭಾರಕ್ಕೆ ಬಾಗಿದ್ದ ಸಭಾಂಗಣದ ವೈಫೈಯಲ್ಲಿ ನೂರಾರು ಚಕ್ರಗಳು ಒಟ್ಟಿಗೆ ತಿರುಗತೊಡಗಿದವು. ಮುಂದಿನ ಸಾಲಿನಲ್ಲಿದ್ದ ಸಂಘಟಕರು ತಲೆಯ ಮೇಲೆ ಕೈ ಹೊತ್ತು ನಕ್ಕರು. ಪರದೆಯ ಮೇಲೆ ಬ್ರೌಸರಿನ ನೆಟ್‌ವರ್ಕ್ ಪಟ್ಟಿ ಬಿಚ್ಚಿಕೊಂಡಾಗ ರೈಲಿನಲ್ಲಿ ನಾನು ಕಂಡದ್ದರ ಗುಟ್ಟು ತಿಳಿಯಿತು: ಸರ್ವರ್ ಕಳುಹಿಸುತ್ತಿದ್ದದ್ದು ಪುಟದ ಹಂದರವನ್ನು ಹೇಳುವ ಎಚ್‌ಟಿಎಂಎಲ್ ಕಡತ, ಅದೂ ಖಾಲಿ; ಅದರ ಹಿಂದೆ ಬ್ರೌಸರಿನಲ್ಲಿ ಓಡುವ ಜಾವಾಸ್ಕ್ರಿಪ್ಟ್ ಕೋಡಿನ ದಪ್ಪನೆಯ ಕಡತ, ಆ ಕಡತ ಓಡಿದ ಮೇಲೆ ಮತ್ತೆ ಸರ್ವರನ್ನು ಕೇಳಿ ತರಿಸುವ ಮಾಹಿತಿ, ಅದೂ ಬಂದ ಮೇಲಷ್ಟೇ ಅಕ್ಷರ. ಮುಖ್ಯ ವಿಷಯ 2.5 ಸೆಕೆಂಡಿನೊಳಗೆ ಕಾಣಬೇಕು, ಒತ್ತಿದ್ದಕ್ಕೆ ಪುಟ 200 ಮಿಲಿಸೆಕೆಂಡಿನೊಳಗೆ ಸ್ಪಂದಿಸಬೇಕು, ಸಾಲುಗಳು ಅತ್ತಿತ್ತ ಜಿಗಿಯುವ ಅಳತೆ 0.1 ಮೀರಬಾರದು ಎಂಬ ಗೂಗಲ್‌ನ ಮೂರು ಅಳತೆಗೋಲುಗಳನ್ನು ಅವರು ಬೇಗನೆ ಹೇಳಿ ಮುಗಿಸಿದರು. ಎರಡನೆಯ ಅಳತೆ 2024ರ ಮಾರ್ಚಿನಲ್ಲಿ ಹಳೆಯದೊಂದರ ಜಾಗಕ್ಕೆ ಬಂದದ್ದು. ಮೊದಲ ಸ್ಪರ್ಶದ ವಿಳಂಬವನ್ನಷ್ಟೇ ನೋಡಿದರೆ ಸಾಲದು, ಪುಟದಲ್ಲಿರುವಷ್ಟು ಹೊತ್ತೂ ಅದು ಹೇಗೆ ನಡೆದುಕೊಳ್ಳುತ್ತದೆಂದು ನೋಡಬೇಕೆಂಬುದು ಅದರ ಹಿಂದಿನ ತಿಳಿವಳಿಕೆ.

ಮಧ್ಯಾಹ್ನದ ಮೊದಲ ಭಾಷಣಕ್ಕೆ ಬಂದ ಮಹಿಳೆ ದೃಷ್ಟಿಯಿಲ್ಲದ ಡೆವಲಪರ್. ಅವರು ಮೊದಲು ಮಾಡಿದ ಕೆಲಸ ಪ್ರೊಜೆಕ್ಟರನ್ನು ಆರಿಸಿ ಎಂದು ಹೇಳಿದ್ದು. ಕತ್ತಲಾದ ಪರದೆಯ ಮುಂದೆ ನಾವೆಲ್ಲ ಕುಳಿತೆವು, ಅವರ ಲ್ಯಾಪ್‌ಟಾಪಿನಲ್ಲಿ ಎನ್‌ವಿಡಿಎ ಮಾತನಾಡತೊಡಗಿತು. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಎಂಬ ಅಂಧ ಯುವಕ ಬರೆಯಲಾರಂಭಿಸಿದ, ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಪರದೆ ಓದುವ ತಂತ್ರಾಂಶ ಅದು. ಮೊದಲು ನಮಗಾಗಿ ನಿಧಾನವಾಗಿ ಓದಿಸಿದರು. ಬಳಿಕ ತಾವು ದಿನವೂ ಬಳಸುವ ವೇಗಕ್ಕೆ ಏರಿಸಿದಾಗ ಒಂದು ಪದವೂ ನಮಗೆ ಹಿಡಿಯಲಿಲ್ಲ. ಮಳೆ ತಗಡಿನ ಮೇಲೆ ಬಿದ್ದಂಥ ಸದ್ದು. ಅವರು ಅದರೊಳಗಿಂದ ಬೇಕಾದ್ದನ್ನು ಆರಿಸಿಕೊಳ್ಳುತ್ತ, ಎಚ್ ಕೀಲಿಯನ್ನೊತ್ತಿ ಒಂದು ಶೀರ್ಷಿಕೆಯಿಂದ ಇನ್ನೊಂದಕ್ಕೆ ಹಾರುತ್ತ, ಉದ್ದನೆಯ ಲೇಖನವೊಂದರಲ್ಲಿ ತಮಗೆ ಬೇಕಾದ ಭಾಗವನ್ನು ನಾನು ಕಣ್ಣಿಂದ ಹುಡುಕುವುದಕ್ಕಿಂತ ಬೇಗ ತಲುಪಿದರು.

ಬಳಿಕ ಅವರು ಖರೀದಿಯ ಪುಟವೊಂದಕ್ಕೆ ಹೋದರು. ಕತ್ತಲಲ್ಲಿ ಕೇಳಿಸಿದ್ದು ಇಷ್ಟು: ಬಟನ್, ಬಟನ್, ಬಟನ್. ಹೆಸರಿಲ್ಲದ ಮೂರು ಗುಂಡಿಗಳು, ಕಣ್ಣಿದ್ದವರಿಗೆ ಅಂದವಾದ ಚಿಹ್ನೆಗಳು. ಚಿತ್ರದ ವಿವರಣೆ ಇರಬೇಕಾದ ಕಡೆ ಕಡತದ ಹೆಸರು, ಅದರ ಅಂಕಿಗಳ ಸಮೇತ. ಟ್ಯಾಬ್ ಕೀಲಿಯನ್ನು ಎಷ್ಟು ಸಲ ಒತ್ತಿದರೂ ಹಣ ಪಾವತಿಸುವ ಗುಂಡಿ ಸಿಗಲಿಲ್ಲ. ಪ್ರೊಜೆಕ್ಟರ್ ಮತ್ತೆ ಬೆಳಗಿದಾಗ ಗುಂಡಿ ಅಲ್ಲೇ ಇತ್ತು, ದೊಡ್ಡದಾಗಿ, ಹಸಿರಾಗಿ. ಆದರೆ ಅದನ್ನು ಕಟ್ಟಿದವರು ಎಚ್‌ಟಿಎಂಎಲ್‌ನಲ್ಲಿ ಗುಂಡಿಗೆಂದೇ ಇರುವ ಬಟನ್ ಎಂಬ ಟ್ಯಾಗನ್ನು ಬಿಟ್ಟು ಡಿವ್ ಎಂಬ ಬರಿಯ ಪೆಟ್ಟಿಗೆಗೆ ಬಣ್ಣ ಬಳಿದು, ಕ್ಲಿಕ್ ಮಾಡಿದರೆ ಕೆಲಸ ಮಾಡುವಂತೆ ಕೋಡ್ ಬರೆದಿದ್ದರು. ಗೋಡೆಯ ಮೇಲೆ ಬಾಗಿಲಿನ ಚಿತ್ರ ಬರೆದಂತಾಯಿತು. ಬಟನ್ ಟ್ಯಾಗ್ ಬಳಸಿದ್ದರೆ ಟ್ಯಾಬ್ ಕೀಲಿ ಅಲ್ಲಿ ನಿಲ್ಲುತ್ತಿತ್ತು, ಎಂಟರ್ ಒತ್ತಿದರೆ ಕೆಲಸವಾಗುತ್ತಿತ್ತು, ಓದುವ ತಂತ್ರಾಂಶ ಅದರ ಹೆಸರು ಹೇಳುತ್ತಿತ್ತು; ಒಂದು ಸಾಲೂ ಹೆಚ್ಚಿಗೆ ಬರೆಯಬೇಕಿರಲಿಲ್ಲ. ಈ ತಪ್ಪನ್ನು ನಾನು ಪುಸ್ತಕದಲ್ಲಿ ಓದಿ, ಬೇರೆಯವರಿಗೆ ಉಪದೇಶವನ್ನೂ ಮಾಡಿದವನು. ಆದರೂ ಆ ಕತ್ತಲಲ್ಲಿ ಟ್ಯಾಬ್ ಕೀಲಿಯ ಸದ್ದನ್ನು ಮತ್ತೆ ಮತ್ತೆ ಕೇಳುತ್ತ ಕುಳಿತ ಒಂದು ನಿಮಿಷ ಬೇರೆಯೇ ಆಗಿತ್ತು. ವಿಡಿಯೊದಲ್ಲಾದರೆ ಪರದೆ ಕಪ್ಪಾದೊಡನೆ ನಾನು ಖಂಡಿತ ಮುಂದಕ್ಕೆ ಓಡಿಸಿಬಿಡುತ್ತಿದ್ದೆ.

ಬಣ್ಣಗಳ ಬಗ್ಗೆ ಅವರು ಕೊಟ್ಟ ಒಂದು ಉದಾಹರಣೆಯನ್ನು ಬರೆದಿಟ್ಟುಕೊಂಡೆ. ಸುಗಮ್ಯತೆಯ ಅಂತಾರಾಷ್ಟ್ರೀಯ ಮಾರ್ಗಸೂಚಿಗಳ ಪ್ರಕಾರ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ವ್ಯತ್ಯಾಸವಿರಬೇಕು. ವಿನ್ಯಾಸಕಾರರು ಪ್ರೀತಿಯಿಂದ ಬಳಸುವ 777 ಎಂಬ ಸಂಕೇತದ ಬೂದು ಬಣ್ಣ ಬಿಳಿಯ ಮೇಲೆ 4.48ಕ್ಕೆ ನಿಂತು, ಕೂದಲೆಳೆಯಲ್ಲಿ ಸೋಲುತ್ತದೆ. ನಮ್ಮ ತಾಣದ ಅಡಿಟಿಪ್ಪಣಿಗಳೆಲ್ಲ ಅದೇ ಬಣ್ಣದಲ್ಲಿವೆ.

ಅದೇ ಸಂಜೆ ಚಿಕ್ಕ ಸಭಾಂಗಣದಲ್ಲಿ ಅಕ್ಷರಗಳ ಎಣಿಕೆಯ ಬಗ್ಗೆ ಮೂವತ್ತು ಜನರಷ್ಟೇ ಕೇಳಿದ ಭಾಷಣವೊಂದು ನಡೆಯಿತು. ನಾಲ್ವರ ಕುಟುಂಬದ ಒಂದು ಇಮೋಜಿಯ ಉದ್ದವೆಷ್ಟೆಂದು ಜಾವಾಸ್ಕ್ರಿಪ್ಟನ್ನು ಕೇಳಿದರೆ ಅದು 11 ಎನ್ನುತ್ತದೆ. ಭಾಷಣಕಾರರು ಸಭಿಕರ ಲಿಪಿಗಳಿಂದ ಉದಾಹರಣೆ ಕೇಳಿದಾಗ ನಾನು ಎದ್ದು ಹೋಗಿ "ಕ್ಷ" ಎಂದು ಟೈಪಿಸಿದೆ. ಕಣ್ಣಿಗೆ ಒಂದು, ಜಾವಾಸ್ಕ್ರಿಪ್ಟಿಗೆ ಕ, ಷ, ನಡುವಿನ ಹಲಂತ ಚಿಹ್ನೆ ಸೇರಿ 3, ಯುಟಿಎಫ್-8 ಎಂಬ ಸಂಕೇತ ಪದ್ಧತಿಯಲ್ಲಿ ಸಂಗ್ರಹಿಸಿದರೆ 9 ಬೈಟ್. ಹೆಸರಿಗೆ ಇಷ್ಟೇ ಅಕ್ಷರವೆಂದು ಮಿತಿ ಹಾಕುವ ನಮೂನೆಗಳು ಹೆಸರುಗಳನ್ನು ಒತ್ತಕ್ಷರದ ನಡುವೆಯೇ ಕತ್ತರಿಸುವುದು ಹೀಗೆ. ಅಷ್ಟು ಒಳ್ಳೆಯ ಭಾಷಣಕ್ಕೆ ಅಷ್ಟು ಕಡಿಮೆ ಜನ ಬಂದದ್ದಕ್ಕೆ ಕಾರಣ ಸರಳ: ದೊಡ್ಡ ಸಭಾಂಗಣದಲ್ಲಿ ಅದೇ ಹೊತ್ತಿಗೆ ಕೃತಕ ಬುದ್ಧಿಮತ್ತೆಯ ಬಗ್ಗೆ ಮಾತು ನಡೆದಿತ್ತು.

ಎರಡನೆಯ ದಿನ, ಪುಟದ ರೂಪ ಮತ್ತು ಜೋಡಣೆಯನ್ನು ಹೇಳುವ ಸಿಎಸ್‌ಎಸ್ ಭಾಷೆಯ ಬಗೆಗಿನ ಭಾಷಣಕ್ಕೆ ಕುರ್ಚಿ ಸಿಗದೆ ಗೋಡೆಗೊರಗಿ ನಿಂತೆ. 2010ರಲ್ಲಿ ಈಥನ್ ಮಾರ್ಕಾಟ್ ಅವರು ಪರದೆಯ ಅಗಲಕ್ಕೆ ತಕ್ಕಂತೆ ಬದಲಾಗುವ ವಿನ್ಯಾಸವನ್ನು ಹೆಸರಿಟ್ಟು ವಿವರಿಸಿದ ಲೇಖನದಿಂದ ಹಿಡಿದು, 2017ರ ಮಾರ್ಚ್ ಒಂದೇ ತಿಂಗಳಿನಲ್ಲಿ ಕ್ರೋಮ್, ಫೈರ್‌ಫಾಕ್ಸ್, ಸಫಾರಿ ಮೂರಕ್ಕೂ ಬಂದಿಳಿದ, ಪುಟವನ್ನು ಅಡ್ಡಸಾಲು ಕಂಬಸಾಲುಗಳಲ್ಲಿ ಜೋಡಿಸುವ ಗ್ರಿಡ್ ವರೆಗೆ ಬೇಗ ಸಾಗಿ, ಭಾಷಣಕಾರರು ಪರದೆಯನ್ನು ಬಿಟ್ಟು ತಾನಿರುವ ಪೆಟ್ಟಿಗೆಯ ಅಗಲವನ್ನೇ ನೋಡಿ ರೂಪ ಬದಲಿಸುವ ಕಂಟೇನರ್ ಕ್ವೆರಿಗಳಲ್ಲಿ ನೆಲೆ ನಿಂತರು. ಒಂದೇ ತುಣುಕು ಅಗಲವಾದ ಕಡೆ ಅಡ್ಡಲಾಗಿ, ಇಕ್ಕಟ್ಟಿನಲ್ಲಿ ಉದ್ದಕ್ಕೆ, ಒಂದು ಸಾಲೂ ಜಾವಾಸ್ಕ್ರಿಪ್ಟ್ ಇಲ್ಲದೆ. ಪೆಟ್ಟಿಗೆಯೊಂದನ್ನು ಇನ್ನೊಂದರ ನಟ್ಟನಡುವೆ ಎರಡೇ ಸಾಲಿನಲ್ಲಿ ಕೂರಿಸಿ ತೋರಿಸಿದಾಗ ಚಪ್ಪಾಳೆ ಬಿತ್ತು. ಪಕ್ಕದಲ್ಲಿ ನಿಂತಿದ್ದ ನನ್ನ ವಯಸ್ಸಿನವರೊಬ್ಬರು ನನ್ನತ್ತ ನೋಡಿ ನಿಟ್ಟುಸಿರು ಬಿಟ್ಟರು. ಕೋಷ್ಟಕಗಳೊಳಗೆ ಕೋಷ್ಟಕ ಹೆಣೆದು, ಒಂದು ಪಿಕ್ಸೆಲ್‌ನ ಪಾರದರ್ಶಕ ಚಿತ್ರವನ್ನು ಹಿಗ್ಗಿಸಿ ಜಾಗ ಬಿಡಿಸುತ್ತಿದ್ದವರಿಗಷ್ಟೇ ಆ ನಿಟ್ಟುಸಿರಿನ ಅರ್ಥ ಗೊತ್ತು.

ಅದಾದ ಮೇಲೆ ಕೇಳಿದ ಭಾಷಣ ಒಂದು ಉತ್ಪನ್ನದ ಜಾಹೀರಾತು. ಅರ್ಧಕ್ಕೇ ಎದ್ದು ಬಂದೆ.

ಕೊನೆಯದು ಜಾವಾಸ್ಕ್ರಿಪ್ಟ್ ಹೇಗೆ ಓಡುತ್ತದೆಂಬುದರ ಬಗ್ಗೆ. 1995ರ ಮೇ ತಿಂಗಳಿನಲ್ಲಿ ಬ್ರೆಂಡನ್ ಐಕ್ ಹತ್ತು ದಿನಗಳಲ್ಲಿ ಅದರ ಮೊದಲ ರೂಪವನ್ನು ಬರೆದ ಕಥೆ ಎಲ್ಲರೂ ಬಲ್ಲದ್ದೇ. ಪುಟವೊಂದರಲ್ಲಿ ಅದಕ್ಕಿರುವುದು ಒಂದೇ ಮುಖ್ಯ ಎಳೆ, ಎಂದರೆ ಅಲ್ಲಿ ಒಂದು ಸಲಕ್ಕೆ ಒಂದೇ ಕೆಲಸ. ಯಾವುದೇ ಕೆಲಸ 50 ಮಿಲಿಸೆಕೆಂಡ್ ಮೀರಿದರೆ ಬ್ರೌಸರ್ ಅದನ್ನು ದೀರ್ಘವೆಂದು ಗುರುತಿಸುತ್ತದೆ, ಅಷ್ಟು ಹೊತ್ತು ಬಳಕೆದಾರನ ಬೆರಳು ಕಾಯಬೇಕು. ಇದನ್ನು ತೋರಿಸಲೆಂದು ಯುವ ಭಾಷಣಕಾರ ವೇದಿಕೆಯ ಮೇಲೇ ಕೋಡ್ ಬರೆದು ಓಡಿಸಿದಾಗ, ಬಳಕೆದಾರನ ಹೆಸರು ಬರಬೇಕಾದಲ್ಲಿ "ಆಬ್ಜೆಕ್ಟ್ ಪ್ರಾಮಿಸ್" ಎಂದು ಬಂತು. ಆತ ಬೆವರಿದ. ಮತ್ತೆ ಓಡಿಸಿದ, ಮತ್ತೆ ಅದೇ. ಹಿಂದಿನ ಸಾಲಿನಿಂದ ಒಬ್ಬರು, ಹನ್ನೆರಡನೆಯ ಸಾಲಿನಲ್ಲಿ, ಉತ್ತರ ಬರುವವರೆಗೆ ಕಾಯಲು ಹೇಳುವ ಅವೇಟ್ ಪದ ಬಿಟ್ಟುಹೋಗಿದೆ ಎಂದರು. ಸೇರಿಸಿದರೆ ಇನ್ನೊಂದು ದೋಷ. ಆಗ ಆತ ತನ್ನ ಸ್ಲೈಡುಗಳನ್ನು ಮುಚ್ಚಿ, ದೋಷದ ಸಂದೇಶವನ್ನು ಗಟ್ಟಿಯಾಗಿ ಓದಿ, ತನಗೆ ಏನನ್ನಿಸುತ್ತಿದೆಯೆಂದು ಹೇಳುತ್ತ, ಊಹೆಯನ್ನು ಪರೀಕ್ಷಿಸಿ, ತಪ್ಪಾದರೆ ಕೈಬಿಟ್ಟು, ಒಂದೊಂದೇ ಸಾಲನ್ನು ನಿಲ್ಲಿಸಿ ನೋಡುತ್ತ ಹೋದ. ಸಭಾಂಗಣ ಪೂರ್ತಿ ಅವನ ಜೊತೆ ಹುಡುಕಿತು. ಏಳೆಂಟು ನಿಮಿಷಗಳಲ್ಲಿ ಸಿಕ್ಕಿತು. ಎರಡು ದಿನಗಳಲ್ಲಿ ನಾನು ಕಲಿತದ್ದರಲ್ಲಿ ಹೆಚ್ಚಿನದು ಆ ಏಳೆಂಟು ನಿಮಿಷಗಳಲ್ಲಿತ್ತು. ತಿಂಗಳ ಬಳಿಕ ಬಂದ ವಿಡಿಯೊದಲ್ಲಿ ಆ ಭಾಗವನ್ನು ಅಚ್ಚುಕಟ್ಟಾಗಿ ಕತ್ತರಿಸಿ ಹಾಕಿದ್ದಾರೆ. ಅದನ್ನು ಸಹೋದ್ಯೋಗಿಗೆ ತೋರಿಸಿ, ಅವನ ಹಳೆಯ ಪ್ರಶ್ನೆಗೆ ಉತ್ತರ ಹೇಳಿದೆ.

ಮರಳುವ ರೈಲಿನಲ್ಲಿ ಅದೇ ಸುರಂಗಗಳು ಹತ್ತಿರವಾದಾಗ ನಮ್ಮದೇ ತಾಣದ ನೋಂದಣಿ ಪುಟವನ್ನು ಫೋನಿನಲ್ಲಿ ತೆರೆದೆ. ಒಳಗೊಳಗೇ ಸ್ವಲ್ಪ ಹೆಮ್ಮೆಯಿತ್ತು, ಏಕೆಂದರೆ ನಮ್ಮ ಸರ್ವರ್ ಪೂರ್ತಿ ಎಚ್‌ಟಿಎಂಎಲ್ ಕಳುಹಿಸುತ್ತದೆ. ಪುಟ ಬಂತು, ಖಾನೆಗಳು ಬಂದವು, ಅಕ್ಷರಗಳು ಮಾತ್ರ ಬರಲಿಲ್ಲ. ನಾವು ಆರಿಸಿದ ಚೆಂದದ ಫಾಂಟ್ ಇನ್ನೂ ಇಳಿಯುತ್ತಿದ್ದರಿಂದ ಬ್ರೌಸರ್ ಅದಕ್ಕಾಗಿ ಕಾಯುತ್ತ ಮೂರು ಸೆಕೆಂಡ್ ಅಕ್ಷರಗಳನ್ನು ಅಡಗಿಸಿಟ್ಟಿತ್ತು. ಬಳಿಕ ಬದಲಿ ಅಕ್ಷರಗಳು ಕಂಡವು. ನಾನು ಹೆಸರು, ವಿಳಾಸ ತುಂಬಿ "ಸಲ್ಲಿಸಿ" ಎಂಬುದರ ಮೇಲೆ ಬೆರಳಿಡುವ ಹೊತ್ತಿಗೆ ಸರಿಯಾಗಿ ಅಸಲಿ ಫಾಂಟ್ ಬಂದಿಳಿಯಿತು, ಸಾಲುಗಳೆಲ್ಲ ಕೆಳಗೆ ಜಿಗಿದವು, ಬೆರಳು "ಅಳಿಸಿ" ಎಂಬುದನ್ನು ಒತ್ತಿತು, ತುಂಬಿದ್ದೆಲ್ಲ ಹೋಯಿತು.

ಲ್ಯಾಪ್‌ಟಾಪ್ ತೆರೆದು ಫಾಂಟ್ ಘೋಷಿಸುವ ಕಡತವನ್ನು ಹುಡುಕಿದೆ. ಅಕ್ಷರಗಳನ್ನು ಅಡಗಿಸದೆ ಬದಲಿ ಫಾಂಟಿನಲ್ಲಿ ಕೂಡಲೇ ತೋರಿಸೆಂದು ಬ್ರೌಸರಿಗೆ ಹೇಳಲು ಒಂದು ಸಾಲು ಸಾಕು; ಜಿಗಿತವನ್ನು ತಡೆಯಲು ಇನ್ನಷ್ಟು ಕೆಲಸವಿತ್ತು. "ಅಳಿಸಿ" ಗುಂಡಿ ಅಲ್ಲಿ ಏಕಿದೆಯೆಂದು ಹಳೆಯ ದಾಖಲೆಯಲ್ಲಿ ನೋಡಿದರೆ ಅದನ್ನು ಸೇರಿಸಿದವನ ಹೆಸರು ನನ್ನದೇ ಆಗಿತ್ತು. ಅದೂ ಒಂದು ಡಿವ್.