ಸರಾಸರಿ ಕಾಲಂ ಎಲ್ಲಿ ಹೋಯಿತು?

ಶಿರಸಿಯ ಒಂದು ಸಣ್ಣ ಕೇಬಲ್ ಚಾನೆಲ್‌ನಲ್ಲಿ ನಾನು ಎಡಿಟರ್. ಎಡಿಟರ್ ಅಂದರೆ ಎಡಿಟಿಂಗ್ ಮಾತ್ರ ಅಂದುಕೊಳ್ಳಬೇಡಿ. ಸ್ಕ್ರೋಲ್ ಟೈಪ್ ಮಾಡುವವನೂ ನಾನೇ, ಮಳೆಗಾಲದಲ್ಲಿ ಕರೆಂಟು ಹೋದರೆ ಜನರೇಟರ್ ಹಚ್ಚಲು ಓಡುವವನೂ ನಾನೇ. ನಮ್ಮ ಚಾನೆಲ್‌ನಲ್ಲಿ ಜನ ತಪ್ಪದೆ ನೋಡುವುದು ಸುದ್ದಿಯನ್ನಲ್ಲ, ಸಂಜೆಯ ಅಡಿಕೆ ಧಾರಣೆಯನ್ನು. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳಿಗೋಟು ಎಂದು ಅಡಿಕೆಯ ಬಗೆಗಳು, ಕೊನೆಗೆ ಕಾಳುಮೆಣಸು. ಒಂದೊಂದಕ್ಕೂ ಕನಿಷ್ಠ, ಗರಿಷ್ಠ, ಸರಾಸರಿ. ಸುದ್ದಿ ಓದುವಾಗ ಒಂದು ಹೆಸರು ತಪ್ಪಿದರೆ ಯಾರೂ ಕೇಳುವುದಿಲ್ಲ. ಧಾರಣೆಯಲ್ಲಿ ಒಂದು ಸೊನ್ನೆ ತಪ್ಪಲಿ, ಮರುದಿನ ಪೇಟೆಯಲ್ಲಿ ತಲೆ ಎತ್ತಿ ನಡೆಯುವಂತಿಲ್ಲ.

2018ರ ಫೆಬ್ರುವರಿ. ಮಾರಿಕಾಂಬಾ ಜಾತ್ರೆಗೆ ಎರಡು ವಾರ ಬಾಕಿ. ನಮ್ಮ ಮಾಲಕರು ಒಂದು ದಿನ ಬಂದು, "ಈ ಜಾತ್ರೆಗೆ ನಮ್ದು ಪರದೆ ತುಂಬಾ ಬರ್ಬೇಕು" ಎಂದರು. ಅವರ ಮಾತು ತಪ್ಪೇನಲ್ಲ. ಕೇಬಲ್ ಡಿಜಿಟಲ್ ಮಾಡುವ ಕಾನೂನಿನ ಕೊನೆಯ ಗಡುವು 2017ರ ಮಾರ್ಚ್ 31ಕ್ಕೆ ಮುಗಿದಿತ್ತು, ಪೇಟೆಯ ಅಂಗಡಿಗಳಲ್ಲಿ ಚಪ್ಪಟೆ ಟೀವಿ ಬಿಟ್ಟು ಬೇರೆ ಸಿಗುತ್ತಿರಲಿಲ್ಲ. ಆ ಅಗಲ ಪರದೆಯ ಮಧ್ಯೆ ನಮ್ಮ ಹಳೆಯ 4:3 ಚಿತ್ರ (ನಾಲ್ಕು ಪಾಲು ಅಗಲಕ್ಕೆ ಮೂರು ಪಾಲು ಎತ್ತರ) ಎರಡು ಕಡೆ ಕಪ್ಪು ಪಟ್ಟಿ ಹೊತ್ತು ಬಡವನಂತೆ ನಿಂತಿರುತ್ತಿತ್ತು. ದೂರದರ್ಶನ 2010ರ ಕಾಮನ್‌ವೆಲ್ತ್ ಕ್ರೀಡಾಕೂಟವನ್ನೇ ಎಚ್‌ಡಿಯಲ್ಲಿ ತೋರಿಸಿತ್ತು. ಘಟ್ಟದ ಮೇಲಿನ ನಮ್ಮ ಕೋಣೆಗೆ ಅಗಲ ಚಿತ್ರ ಬರಲು ಎಂಟು ವರ್ಷ ಹಿಡಿಯಿತು.

ಮೊದಲ ದಿನ ಸುಲಭದ ದಾರಿ ಹಿಡಿದೆವು: ಇದ್ದದ್ದನ್ನೇ ಎಳೆದೆವು. 4:3 ಚಿತ್ರವನ್ನು ಹೊಸ ಟೀವಿಯ 16:9 ಆಕಾರಕ್ಕೆ ಎಳೆದರೆ ಎಲ್ಲವೂ ಮೂರನೇ ಒಂದರಷ್ಟು ಅಗಲವಾಗುತ್ತದೆ. ಸುದ್ದಿ ಓದುವ ಹುಡುಗಿ ತನ್ನನ್ನು ತಾನೇ ನೋಡಿ, "ಅಣ್ಣಾ, ಎರಡು ದಿನ ಹಲ್ಲುನೋವು ಬಂದವರ ಹಾಗೆ ಕಾಣ್ತಿದ್ದೇನೆ" ಎಂದು ಮುಖ ಮುಚ್ಚಿಕೊಂಡಳು. ಸ್ಟುಡಿಯೋ ಗೋಡೆಯ ಗಡಿಯಾರ ಮೊಟ್ಟೆಯಾಗಿತ್ತು. ಇದರಲ್ಲಿ ಒಂದು ಸೂಕ್ಷ್ಮ ನನಗೆ ಆಗ ಗೊತ್ತಿರಲಿಲ್ಲ. 720×576 ಪಿಕ್ಸೆಲ್‌ನ (ಚಿತ್ರದ ಚುಕ್ಕೆಗಳ) ಫೈಲು 4:3ಕ್ಕೂ ಅದೇ, 16:9ಕ್ಕೂ ಅದೇ. ಒಳಗೊಂದು ಚೀಟಿ ಇರುತ್ತದೆ, "ನನ್ನನ್ನು ಇಷ್ಟಗಲಕ್ಕೆ ಬಿಡಿಸು" ಅಂತ. ಆ ಚೀಟಿ ತಪ್ಪಿದರೆ, ಅಥವಾ ಮಧ್ಯದ ಯಾವುದೋ ಯಂತ್ರ ಅದನ್ನು ಓದದೆ ಬಿಟ್ಟರೆ, ಮನುಷ್ಯರು ಒಂದೋ ಊದುತ್ತಾರೆ, ಇಲ್ಲವೇ ಸೊರಗುತ್ತಾರೆ. ಎಷ್ಟೋ ರಾತ್ರಿ ನಾನು ಈ ಚೀಟಿಯನ್ನೇ ಹುಡುಕಿದ್ದೇನೆ.

ಎರಡೇ ದಿನದಲ್ಲಿ ಎಳೆಯುವುದು ಬಿಟ್ಟು, ಹೊಸ ಕ್ಯಾಮೆರಾ ಬಾಡಿಗೆಗೆ ತಂದು, ಗ್ರಾಫಿಕ್ಸನ್ನೆಲ್ಲ ಅಗಲಕ್ಕೆ ಹೊಸದಾಗಿ ಮಾಡಿದೆ. ಧಾರಣೆಯ ಪಟ್ಟಿಗೆ ಒಂದಿಡೀ ರಾತ್ರಿ ಹೋಯಿತು. ಎಡ ಅಂಚಿನಿಂದ ಬಲ ಅಂಚಿನವರೆಗೆ ನಾಲ್ಕು ಕಾಲಂ, ಹಸಿರು ಹಿನ್ನೆಲೆ, ಹಳದಿ ಅಂಕಿ. ನನ್ನ 24 ಇಂಚಿನ ಮಾನಿಟರ್‌ನಲ್ಲಿ ರಾಷ್ಟ್ರೀಯ ಚಾನೆಲ್ಲಿನ ಷೇರುಪೇಟೆ ಕಾರ್ಯಕ್ರಮದಂತೆ ಕಾಣುತ್ತಿತ್ತು. ಮರುದಿನ ಸಂಜೆ ಪ್ರಸಾರವಾಗಿ ಹತ್ತು ನಿಮಿಷ ಆಗಿರಲಿಲ್ಲ, ಫೋನು.

"ತಮಾ, ನಿಂಗಳ ಟೀವಿಲಿ ಸರಾಸರಿನೇ ಕಾಣ್ತಿಲ್ಲೆ. ಎಲ್ಲಿ ಹೋತು?"

"ಇಲ್ಲಿ ಸರಿಯಾಗೇ ಬರ್ತಾ ಇದೆಯಲ್ಲ ಹೆಗಡೇರೇ."

"ಅಲ್ಲಿ ಬಂದ್ರೆ ಯಂಗೆ ಎಂತ ಆತು?"

ಆ ಸಂಜೆ ಅಂಥ ಫೋನು ಇನ್ನೂ ಬಂದವು. ಮರುದಿನ ಬೈಕ್ ಹತ್ತಿ ಹುಲೇಕಲ್ ಕಡೆಯ ಅವರ ಮನೆಗೇ ಹೋದೆ. ಜಗಲಿ ದಾಟಿದರೆ ಒಳಗೆ 21 ಇಂಚಿನ ಡಬ್ಬ ಟೀವಿ, ತಲೆಯ ಮೇಲೆ ಕಸೂತಿಯ ಬಟ್ಟೆ, ಅದರ ಮೇಲೆ ಸೆಟ್‌ಟಾಪ್ ಬಾಕ್ಸು. ಧಾರಣೆಯ ಮರುಪ್ರಸಾರ ಬಂತು. ನೋಡಿದರೆ ರಾಶಿ "ಶಿ" ಆಗಿದೆ. ಕೆಂಪುಗೋಟೂ "ಗೋಟು", ಬಿಳಿಗೋಟೂ "ಗೋಟು". ಯಾವ ಗೋಟಿಗೆ ಯಾವ ದರ ಎಂದು ಬ್ರಹ್ಮನೂ ಹೇಳಲಾರ. ಬಲಗಡೆ ಗರಿಷ್ಠದವರೆಗೆ ಇದೆ, ಸರಾಸರಿ ಗಾಜಿನಾಚೆ.

ಆಗಿದ್ದು ಇಷ್ಟೆ. ಹಳೆ ಟೀವಿ ಎಂದು ಆ ಬಾಕ್ಸಿನ ಸೆಟ್ಟಿಂಗ್ ನಡುವಿನ ಭಾಗವನ್ನು ಮಾತ್ರ ಕತ್ತರಿಸಿ ಕೊಡುವಂತೆ ಇತ್ತು. 16:9ರಿಂದ 4:3 ಕತ್ತರಿಸಿದರೆ ಅಗಲದ ಕಾಲುಭಾಗ ಹೋಗುತ್ತದೆ: 1920 ಪಿಕ್ಸೆಲ್‌ನಲ್ಲಿ ಉಳಿಯುವುದು 1440, ಎಡಕ್ಕೆ 240, ಬಲಕ್ಕೆ 240 ಖೋತಾ. ಸಾಲದ್ದಕ್ಕೆ ಪಿಕ್ಚರ್ ಟ್ಯೂಬು ತನ್ನ ಚೌಕಟ್ಟಿನಡಿ ಇನ್ನಷ್ಟು ನುಂಗುತ್ತದೆ. ನಾನು ಬುದ್ಧಿವಂತನಂತೆ ರಿಮೋಟ್ ತೆಗೆದುಕೊಂಡು ಲೆಟರ್‌ಬಾಕ್ಸ್ ಮಾಡಿಕೊಟ್ಟೆ. ನಾಲ್ಕೂ ಕಾಲಂ ಬಂದವು, ಆದರೆ ಮೇಲೆ ಕೆಳಗೆ ಕಪ್ಪು, ಚಿತ್ರದ ಎತ್ತರ ಮುಕ್ಕಾಲಿಗೆ ಇಳಿಯಿತು. ಹೆಗಡೆಯವರು ಕನ್ನಡಕ ಏರಿಸಿ ನೋಡಿ, "ಇರುವೆ ಹರಿದ ಹಾಂಗೆ ಕಾಣ್ತು" ಎಂದರು. ಇಂಗ್ಲಿಷ್ ಅಕ್ಷರವಾದರೆ ಅಷ್ಟು ಕುಗ್ಗಿದರೂ ಹೇಗೋ ಓದಬಹುದು. ನಮ್ಮ ಒತ್ತಕ್ಷರ ಹಾಗಲ್ಲ, ಬೆಟ್ಟೆಯ ಒತ್ತೇ ಕರಗಿ ಹೋಗಿತ್ತು. ಸೆಟ್ಟಿಂಗನ್ನು ಮೊದಲಿನಂತೆ ಮಾಡಿ, ಅವರ ಮನೆಯ ಮಜ್ಜಿಗೆ ಕುಡಿದು ವಾಪಸು ಬಂದೆ.

ದೊಡ್ಡವರೂ ಇದೇ ಹೊಂಡ ದಾಟಿದವರು ಎಂದು ಆಮೇಲೆ ಓದಿ ತಿಳಿದೆ. ಬ್ರಿಟನ್ನಿನ ಬಿಬಿಸಿ 1990ರ ದಶಕದ ಕೊನೆಗೆ ಅಗಲ ಚಿತ್ರಕ್ಕೆ ಹೊರಳಿದಾಗ, ಹಳೆ ಟೀವಿಯವರಿಗಾಗಿ 14:9 ಎಂಬ ನಡುವಿನ ಆಕಾರ ಕೊಡುತ್ತಿತ್ತು: ಬದಿಗಳಲ್ಲಿ ಸ್ವಲ್ಪ ಕತ್ತರಿ, ಮೇಲೆ ಕೆಳಗೆ ಸ್ವಲ್ಪ ಕಪ್ಪು. ಕ್ಯಾಮೆರಾದವರು ಅಗಲಕ್ಕೆ ಶೂಟ್ ಮಾಡಿದರೂ ಮುಖ್ಯವಾದದ್ದನ್ನೆಲ್ಲ ನಡುವೆಯೇ ಇಡಬೇಕಿತ್ತು. ನಾನೂ ಹಾಗೇ ಮಾಡಿದೆ. ಪಟ್ಟಿಯನ್ನು ಎರಡು ಪುಟ ಮಾಡಿ, ಅಕ್ಷರಗಳನ್ನೆಲ್ಲ ನಡುವಿನ 4:3ರೊಳಗೆ ತಂದೆ. ಬದಿಗೆ ಉಳಿದ ಜಾಗದಲ್ಲಿ ಹಸಿರು ಬಣ್ಣ ಮಾತ್ರ. ಮಾಲಕರಿಗೆ ಹೊಟ್ಟೆ ಉರಿಯಿತು, "ಅಷ್ಟೂ ಜಾಗದಲ್ಲಿ ಜಾಹೀರಾತು ಹಾಕಬಹುದಿತ್ತು" ಎಂದು. ಹಾಕಿದ್ದರೆ ಅಂಗಡಿಯವರ ಫೋನ್ ನಂಬರಿನ ಕೊನೆಯ ಅಂಕಿಗಳೂ ಸರಾಸರಿಯ ಹಿಂದೆಯೇ ಹೋಗುತ್ತಿದ್ದವು. ಗುಜರಿಯಿಂದ ಒಂದು ಡಬ್ಬ ಟೀವಿ ತಂದು ಎಡಿಟಿಂಗ್ ಟೇಬಲ್ಲಿನ ಪಕ್ಕ ಇಟ್ಟೆ. ಏನೇ ಮಾಡಿದರೂ ಮೊದಲು ಅದರಲ್ಲಿ ನೋಡುವುದು.

ಜಾತ್ರೆ ಬಂತು. ದೇವಿಯ ರಥ ಬಿಡಕಿಬೈಲಿಗೆ ಹೊರಟಾಗ ನಮ್ಮ ಹೊಸ ಅಗಲ ಚೌಕಟ್ಟಿನಲ್ಲಿ ಎರಡೂ ಬದಿಯ ಕಟ್ಟಡದ ಬೋರ್ಡುಗಳು ಸೊಗಸಾಗಿ ಕಂಡವು, ರಥದ ತುದಿ ಮಾತ್ರ ಕಾಣಲಿಲ್ಲ. ಹಿಂದೆ ಸರಿದರೆ ರಥ ಆಟಿಕೆಯಾಗುತ್ತದೆ. ಈ 16:9 ಲೆಕ್ಕವನ್ನು 1980ರ ದಶಕದಲ್ಲಿ ಹಾಕಿದ ಅಮೆರಿಕದ ಎಂಜಿನಿಯರ್ ಕರ್ನ್ಸ್ ಪವರ್ಸ್, ಚಾಲ್ತಿಯಲ್ಲಿದ್ದ ಸಿನಿಮಾ, ಟೀವಿ ಆಕಾರಗಳನ್ನು ಒಂದರ ಮೇಲೊಂದಿಟ್ಟು ಎಲ್ಲಕ್ಕೂ ಹೊಂದುವ ನಡುವಿನದನ್ನು ಆರಿಸಿದ್ದರು. ಅವರ ಮುಂದೆ ಅಡಿಕೆ ಮರ, ತೇರು, ಕಿರೀಟ ಇರಲಿಲ್ಲ ನೋಡಿ. ಯಕ್ಷಗಾನದಲ್ಲಿ ಮಾತ್ರ ಲಾಭವಾಯಿತು: ಭಾಗವತರು, ಮದ್ದಲೆ, ಚಂಡೆ, ಮುಂದೆ ಕುಣಿಯುವ ವೇಷ ಎಲ್ಲ ಒಂದೇ ಚೌಕಟ್ಟಿನಲ್ಲಿ. ವೇಷ ಹಾರಿ ಸುತ್ತುವ ಧೀಂಗಿಣ ಶುರುವಾದರೆ ಮತ್ತೆ ಕಿರೀಟ ಹೊರಗೆ.

ಮೊನ್ನೆ ಕುಮಟಾದಿಂದ ಒಬ್ಬರು ಹಳೆಯ ಮಿನಿ ಡಿವಿ ಕ್ಯಾಮೆರಾ ಟೇಪು ತಂದಿದ್ದರು. ಅವರ ತಂದೆ ಊರಿನ ಹವ್ಯಾಸಿ ಮೇಳದಲ್ಲಿ ವೇಷ ಮಾಡಿದ್ದು. ತಂದೆ ಈಗಿಲ್ಲ. "ಹೊಸ ಟೀವಿಯಲ್ಲಿ ಪೂರ್ತಿ ಬರುವ ಹಾಗೆ ಮಾಡಿಕೊಡಿ, ಬದಿಗೆ ಕಪ್ಪು ಬೇಡ" ಎಂದರು. ವಾದಕ್ಕೆ ಹೋಗಲಿಲ್ಲ. ಎಳೆದದ್ದೊಂದು, ಇದ್ದ ಹಾಗೇ ಬಿಟ್ಟದ್ದೊಂದು, ಎರಡನ್ನೂ ಹಾಕಿ ತೋರಿಸಿದೆ. ಎಳೆದದ್ದನ್ನು ಸ್ವಲ್ಪ ಹೊತ್ತು ನೋಡಿ, "ಅಪ್ಪ ಇಷ್ಟು ದಪ್ಪ ಇರ್ಲಿಲ್ಲ" ಎಂದರು. ಇನ್ನೊಂದನ್ನು ಕೊನೆಯವರೆಗೂ ನೋಡಿದರು. ಅಂಕೋಲೆಯಲ್ಲಿರುವ ತಂಗಿಗೂ ಬೇಕೆಂದು ಅದರದ್ದೇ ಎರಡು ಪೆನ್‌ಡ್ರೈವ್ ಮಾಡಿಸಿಕೊಂಡು ಹೋದರು.